ಹಳೆಯ ಕಾರ್ಟೂನುಗಳ ಸಾಲಿನಲ್ಲಿ ಹೊಸವಕ್ಕೂ ಜಾಗ ಬೇಕು

ಬೇಸಿಗೆ ಸೂಟಿ ಹತ್ತಿರ ಬಂದಂತೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಮಕ್ಕಳ ಶಿಬಿರ ನಡೆಸುವವರು, ಊರಿನ ಅರಿವು ಕೇಂದ್ರ ನೋಡಿಕೊಳ್ಳುವವರು ಕಿರು ಕಾರ್ಟೂನುಗಳ ಸಂಗ್ರಹಕ್ಕೆ ಕೈ ಹಾಕುತ್ತಾರೆ. ಆಗ ಏಳುವ ಮೊದಲ ತಕರಾರು: ಹಳೆಯ ಟಾಮ್ ಅಂಡ್ ಜೆರ್ರಿ, ಮಿಕ್ಕಿ ಮೌಸ್‌ಗಳ ಪಕ್ಕದಲ್ಲಿ ಈಚಿನವನ್ನು ಇಡಬೇಕೋ ಬೇಡವೋ? ಇಡಲೇಬೇಕು. ‘ಹೊಸವು’ ಅಂತ ಬೇರೆ ಫೋಲ್ಡರ್ ಮಾಡಿಯಲ್ಲ, ಅದೇ ಸಾಲಿನಲ್ಲಿ, ಆಯಾ ಇಸವಿಯ ಜಾಗದಲ್ಲಿ. ಆದರೆ ಸಿಕ್ಕಿದ್ದನ್ನೆಲ್ಲ ತುಂಬಬಾರದು.

ಮೊದಲಿಗೆ, ನಾವು ಹಳೆಯದು ಅನ್ನುವುದೇ ಒಂದು ಕೈಯ ಕೆಲಸವಲ್ಲ. ವಿಲಿಯಂ ಹ್ಯಾನ್ನಾ, ಜೋಸೆಫ್ ಬಾರ್ಬೆರಾ ಜೋಡಿ ಎಂಜಿಎಂ ಸ್ಟುಡಿಯೋದಲ್ಲಿ 1940ರಿಂದ 1958ರವರೆಗೆ ಮಾಡಿದ ಟಾಮ್ ಅಂಡ್ ಜೆರ್ರಿ ಚಿತ್ರಗಳು 114. ಆಮೇಲೆ 1961–62ರಲ್ಲಿ ಜೀನ್ ಡೈಚ್ ಪ್ರಾಗ್ ನಗರದಲ್ಲಿ ಮಾಡಿದ್ದು 13. ಚಕ್ ಜೋನ್ಸ್ ಕಾಲದಲ್ಲಿ, 1963ರಿಂದ 1967ರವರೆಗೆ, 34. ಮೊಟ್ಟಮೊದಲ ಚಿತ್ರದಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜಾಸ್ಪರ್. ಪ್ರಾಗ್‌ನ ಹದಿಮೂರರಲ್ಲಿ ಸದ್ದು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ಗೆರೆಗಳೂ ಬೇರೆ. ಆದರೂ ಈ 161ನ್ನೂ ಯಾರೂ ತಕರಾರಿಲ್ಲದೆ ಹಳೆಯದೆಂದು ಒಪ್ಪುತ್ತಾರೆ. 2005ರ ‘ದಿ ಕರಾಟೆ ಗಾರ್ಡ್’ ಮಾತ್ರ ಹೊರಗೆ! ಬಾರ್ಬೆರಾ ತಾವೇ ಕತೆ ಬರೆದು ನಿರ್ದೇಶನದಲ್ಲೂ ಪಾಲು ತೆಗೆದುಕೊಂಡ ಚಿತ್ರ ಅದು. ಹುಟ್ಟಿಸಿದವರ ಕೆಲಸವನ್ನೇ ಇಸವಿ ನೋಡಿ ತಳ್ಳುವ ಸಂಗ್ರಹಕ್ಕೆ ಅರ್ಥವಿಲ್ಲ.

ಹಾಗಾದರೆ ಯಾವುದನ್ನು ಬಿಡಬೇಕು? ತನ್ನದೇ ತಲೆಬರಹ, ತನ್ನದೇ ಆರಂಭ ಮತ್ತು ಅಂತ್ಯ ಇಟ್ಟುಕೊಂಡು ಮೂರರಿಂದ ಒಂಬತ್ತು ನಿಮಿಷದಲ್ಲಿ ಮುಗಿಯುವ ಕಿರುಚಿತ್ರವಾಗಿಯೇ ಹುಟ್ಟಿದ್ದರೆ ಬರಲಿ. ವಾರವಾರ ಟೀವಿಯ ಅರ್ಧ ಗಂಟೆ ತುಂಬಲು ಮಾಡಿದ ಸರಣಿ ಬೇಡ. 1975ರ ಟೀವಿ ಸರಣಿಯಲ್ಲಿ ಬೆಕ್ಕು ಇಲಿ ಗೆಳೆಯರಾಗಿ ತಿರುಗುತ್ತವೆ, ಓಟವೇ ಇಲ್ಲ.

ಇನ್ನೊಂದು ಪರೀಕ್ಷೆ ನಮ್ಮ ಭಾಗಕ್ಕೆ ಬಹಳ ಮುಖ್ಯ. ಬೀದರಿನ ಒಂದು ಕೋಣೆಯಲ್ಲಿ ಕೂತ ಮಕ್ಕಳ ಮನೆಮಾತು ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು, ಏನೂ ಇರಬಹುದು. ಮಾತು ತಿಳಿಯದವನಿಗೂ ಚಿತ್ರ ತಿಳಿಯಬೇಕು. ಹಳೆಯ ಟಾಮ್ ಅಂಡ್ ಜೆರ್ರಿಯಲ್ಲಿ ಸ್ಕಾಟ್ ಬ್ರಾಡ್ಲಿ ಅವರ ಸಂಗೀತವೇ ಪ್ರತಿ ಹೆಜ್ಜೆಯನ್ನೂ ಹೇಳುತ್ತದೆ. ಪಾಲ್ ರುಡಿಶ್ 2013ರಲ್ಲಿ ಶುರು ಮಾಡಿದ ಮಿಕ್ಕಿ ಮೌಸ್ ಕಿರುಚಿತ್ರಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತವೆ: ಪ್ಯಾರಿಸ್ಸಿನ ಕತೆ ಫ್ರೆಂಚಿನಲ್ಲಿ, ಟೋಕಿಯೋದ್ದು ಜಪಾನಿಯಲ್ಲಿ ನಡೆದರೂ ಕತೆ ಯಾರಿಗೂ ತಪ್ಪುವುದಿಲ್ಲ. 2020ರ ‘ಲೂನಿ ಟ್ಯೂನ್ಸ್ ಕಾರ್ಟೂನ್ಸ್’ ಒಂದೊಂದಾಗಿ ನೋಡಿ ಆರಿಸಿಕೊಳ್ಳಬೇಕಾದದ್ದು. ನಮ್ಮ ಫಿಲ್ಮ್ಸ್ ಡಿವಿಷನ್ನಿನ ‘ದಿ ಬನ್ಯನ್ ಡೀರ್’ (1957), ವಿಜಯಾ ಮುಳೆ ಅವರ ‘ಏಕ್ ಅನೇಕ್ ಔರ್ ಏಕ್ತಾ’ (1974) ಇದೇ ಸಾಲಿಗೆ ಸೇರಲಿ. ಎರಡನೆಯದರಲ್ಲಿ ಹಿಂದಿ ಮಾತು, ಹಾಡು ಇವೆ, ನಿಜ. ಹಕ್ಕಿಗಳು ಬಲೆ ಸಮೇತ ಹಾರುವುದನ್ನು ಕಂಡ ಮಗುವಿಗೆ ಅದು ಅಡ್ಡಿಯಾಗುವುದಿಲ್ಲ.

ಸಾಲಿಗೆ ಸೇರಿಸಿದ ಮೇಲೆ ನಿಜವಾದ ತೊಂದರೆಗಳು ಶುರುವಾಗುತ್ತವೆ. ಮೊದಲನೆಯದು ಚಿತ್ರದ ಅಳತೆ. 1950ರ ದಶಕದ ಆರಂಭದವರೆಗಿನವು ಅಗಲ 1.37ಕ್ಕೆ ಎತ್ತರ 1, ಹೆಚ್ಚುಕಡಿಮೆ ಚೌಕ. 1954ರಿಂದ ಕೆಲವು ಸಿನೆಮಾಸ್ಕೋಪ್, ತುಂಬಾ ಅಗಲ. ಹೊಸವು 16:9. ಹೊಸದೊಂದನ್ನು ಹಾಕಿ ಟೀವಿಯ ಪರದೆ ತುಂಬಿದ್ದು ನೋಡಿದವರು ಹಳೆಯದಕ್ಕೂ ‘ವೈಡ್’ ಬಟನ್ ಒತ್ತುತ್ತಾರೆ, ಟಾಮ್ ಅಡ್ಡಡ್ಡ ಉಬ್ಬುತ್ತಾನೆ. ‘ಝೂಮ್’ ಒತ್ತಿದರೆ ತಲೆ, ಕಾಲು ಎರಡೂ ಕತ್ತರಿಸಿಹೋಗುತ್ತವೆ. ಟೀವಿಯನ್ನು ‘ಒರಿಜಿನಲ್’ ಅಥವಾ ‘ಆಟೋ’ದಲ್ಲಿ ಇಟ್ಟು, ಪಕ್ಕದ ಕಪ್ಪು ಪಟ್ಟಿಗಳನ್ನು ಹಾಗೇ ಬಿಡಿ. 2013ರ ಮಿಕ್ಕಿ ಮೌಸ್ ಕಿರುಚಿತ್ರ ‘ಗೆಟ್ ಎ ಹಾರ್ಸ್!’ ಅಂತೂ ಕಪ್ಪುಬಿಳುಪು ಚೌಕದಲ್ಲಿ ಶುರುವಾಗಿ ಬಣ್ಣದ ಅಗಲ ಪರದೆಗೆ ಒಡೆದು ಬರುತ್ತದೆ; ಮೊದಲ ಭಾಗದ ಪಟ್ಟಿಗಳನ್ನು ಕಂಡು ಕತ್ತರಿಸಿದರೆ ಇಡೀ ಚಮತ್ಕಾರವೇ ಹಾಳು.

ಎರಡನೆಯದು ವೇಗ. ಸಿನೆಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ (PAL) ಎಂಬ ಟೀವಿ ಪದ್ಧತಿಯ ಹಳೆಯ ಡಿವಿಡಿಗಳಲ್ಲಿ ಅದನ್ನೇ 25ಕ್ಕೆ ಓಡಿಸಿರುತ್ತಾರೆ. ಏಳು ನಿಮಿಷದ ಚಿತ್ರ ಸುಮಾರು 17 ಸೆಕೆಂಡ್ ಮೊದಲೇ ಮುಗಿಯುತ್ತದೆ, ಸಂಗೀತದ ಶ್ರುತಿಯೂ ಏರುತ್ತದೆ. ಒಂದೇ ಚಿತ್ರದ ಎರಡು ಪ್ರತಿಗಳಿದ್ದರೆ ಅವಧಿ ಹೋಲಿಸಿದರೆ ಸಾಕು, ಗೊತ್ತಾಗುತ್ತದೆ. ಉದ್ದವಿರುವುದನ್ನು ಉಳಿಸಿಕೊಳ್ಳಿ.

ಹೊಸ ಡಿಜಿಟಲ್ ಚಿತ್ರದ ನುಣುಪಿನ ಪಕ್ಕದಲ್ಲಿ ಹಳೆಯದರ ಕಾಳುಕಾಳು ಕೊಳಕಿನಂತೆ ಕಾಣುತ್ತದೆ. ದಯವಿಟ್ಟು ಅದನ್ನು ತೊಳೆಯಲು ಹೋಗಬೇಡಿ. ಅದು ಫಿಲ್ಮಿನ ಕಣ. ಚಿತ್ರದ ಕಾಳು ಅಳಿಸುವ ಫಿಲ್ಟರ್ ಹಾಕಿದರೆ ಅದು ವೇಗದ ಓಟದಲ್ಲಿ ಒಂದೇ ಫ್ರೇಮಿಗೆ ಬಿದ್ದ ಶಾಯಿ ಗೆರೆಯನ್ನೂ ಧೂಳೆಂದು ತಿಳಿದು ಅಳಿಸಿಬಿಡುತ್ತದೆ. ಜೆರ್ರಿಯ ಬಾಲ, ಮೀಸೆ ನಡುನಡುವೆ ಮಾಯವಾಗುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಧ್ವನಿ. ಹಳೆಯದು ಮೋನೋ, ಅಂದರೆ ಒಂದೇ ಧ್ವನಿ ಚಾನೆಲ್; ಹೊಸದು ಹೆಚ್ಚಾಗಿ 5.1, ಅಂದರೆ ಆರು ಚಾನೆಲ್. ಒಂದಾದ ಮೇಲೊಂದು ಹಾಕಿದರೆ ಪ್ರತಿ ಸಲ ರಿಮೋಟ್ ಹಿಡಿಯಬೇಕು. ಎಫ್‌ಎಫ್‌ಎಂಪೆಗ್ (FFmpeg) ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಮಟ್ಟ ಸರಿಸಮ ಮಾಡುವ ಲೌಡ್‌ನಾರ್ಮ್ (loudnorm) ಫಿಲ್ಟರ್ ಬಳಸಿ ಎಲ್ಲವನ್ನೂ ಮೈನಸ್ 23 ಎಲ್‌ಯುಎಫ್‌ಎಸ್‌ಗೆ (LUFS, ಕಿವಿಗೆ ಕೇಳುವ ಜೋರಿನ ಅಳತೆ) ತನ್ನಿ. ಚಿತ್ರದ ಭಾಗವನ್ನು ಮುಟ್ಟದೆ ಧ್ವನಿಯನ್ನಷ್ಟೇ, ಸ್ಟೀರಿಯೋಗೆ ಇಳಿಸಿ, ಹೊಸದಾಗಿ ಎನ್‌ಕೋಡ್ ಮಾಡಿ. ಎರಡು ಸುತ್ತಿನಲ್ಲೇ ಮಾಡಬೇಕು: ಮೊದಲು ಅಳತೆ, ಆಮೇಲೆ ಹೊಂದಿಕೆ. ಒಂದೇ ಸುತ್ತಿನಲ್ಲಿ ಮಾಡಿದರೆ ಅದು ಮೆಲುದನಿಯ ಜಾಗಗಳನ್ನು ಎತ್ತುತ್ತಾ ಹೋಗುತ್ತದೆ. ಬಾಣಲೆ ತಲೆಗೆ ಬೀಳುವ ಮುಂಚಿನ ಮೌನದಲ್ಲೇ ನಗು ಇರುವುದು, ಅದನ್ನು ತುಂಬಿಬಿಟ್ಟರೆ ಏನೂ ಉಳಿಯದು. ಶಹಾಬಾದ್ ಕಲ್ಲಿನ ನೆಲ, ಬೋಳು ಗೋಡೆಯ ಕೋಣೆಗಳಲ್ಲಿ ಮೋನೋ ಸಂಗೀತ ಕಲಸಿಹೋಗುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಸ್ಪೀಕರಿನ ಎದುರುಗೋಡೆಗೆ ಪರದೆ ಬಿಡಿ.

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ, ಆಮೇಲೆ ಮೂರಂಕಿಯ ಸಂಖ್ಯೆ: 1940-001 ಹೀಗೆ. ಸೊನ್ನೆ ಬಿಟ್ಟರೆ ಎಷ್ಟೋ ಟೀವಿಗಳು 2ಕ್ಕಿಂತ ಮೊದಲು 10 ತೋರಿಸುತ್ತವೆ. ಕೊಂಡ ಡಿಸ್ಕ್ ಮನೆಯಲ್ಲಿ ನೋಡಲು ಮಾತ್ರ. ಶಿಬಿರದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ತಗಡಿನ ಚಾವಣಿಯ ಕೆಳಗೆ ಹಾರ್ಡ್ ಡಿಸ್ಕಿಗೆ ಗಂಟೆಗಟ್ಟಲೆ ಕಾಪಿ ಮಾಡಬೇಡಿ, ಬೆಳಗಿನ ತಂಪಿನಲ್ಲಿ ಮಾಡಿ. ನಡುವೆ ಕರೆಂಟ್ ಹೋದರೆ ಹೆಸರು ಸರಿ ಇದ್ದೂ ಒಳಗೆ ಅರ್ಧವೇ ಇರುವ ಫೈಲ್ ಉಳಿಯಬಹುದು. ಆದ್ದರಿಂದ ಎರಡು ಡಿಸ್ಕಿನಲ್ಲಿ ಪ್ರತಿ ಇಟ್ಟು, ಫೈಲ್ ಗಾತ್ರಗಳನ್ನು ತಾಳೆ ನೋಡಿ.

ಪ್ರತಿ ಚಿತ್ರಕ್ಕೂ ಒಂದು ಚಿಕ್ಕ ಟಿಪ್ಪಣಿ ಫೈಲ್ ಇರಲಿ: ಇಸವಿ, ನಿರ್ದೇಶಕರು, ಅವಧಿ, ಪ್ರತಿ ಎಲ್ಲಿಯದು, ಏನು ಬದಲಾಗಿದೆ. ಮನೆಗೆಲಸದ ಕಪ್ಪು ಹೆಂಗಸಿನ ಪಾತ್ರವಿದ್ದ ಕೆಲವು ಟಾಮ್ ಅಂಡ್ ಜೆರ್ರಿಗಳನ್ನು 1960ರ ದಶಕದಲ್ಲಿ ಟೀವಿಗಾಗಿ ಬಿಳಿಯ ಹೆಂಗಸನ್ನು ಬರೆದು, ದನಿ ಬದಲಿಸಿ ತಿದ್ದಿದ್ದಾರೆ. ಇಸವಿ 1940ರ ದಶಕದ್ದು, ಕೈಯಲ್ಲಿರುವ ಕೆಲಸದ ಒಂದು ಪಾಲು ಇಪ್ಪತ್ತು ವರ್ಷ ಆಮೇಲಿನದು. ಎರಡೂ ಇಸವಿಗಳನ್ನು ಬರೆದಿಡಿ.