ತನ್ನ ಎದೆಗೆ ತಾನೇ ನಳಿಗೆ ತೂರಿಸಿದ ಡಾಕ್ಟ್ರು

ನಮ್ಮ ಮಂಗಳೂರಿನಲ್ಲಿ ಯಾರಿಗಾದರೂ ಎದೆನೋವು ಅಂತ ಸುದ್ದಿ ಬಂದರೆ ಕೇಳುವ ಪ್ರಶ್ನೆ ಒಂದೇ, "ಆಂಜಿಯೋಗ್ರಾಮ್ ಆಯ್ತಾ?" ಕಾಸರಗೋಡು, ಪುತ್ತೂರು, ಘಟ್ಟದ ಮೇಲಿನಿಂದಲೂ ಜನ ಅದಕ್ಕೆಂದೇ ಇಲ್ಲಿಗೆ ಬರುತ್ತಾರೆ. ಮೊನ್ನೆ ನಮ್ಮ ಮಾವನಿಗೂ ಮಾಡಿದರು. ಮಣಿಕಟ್ಟಿನಲ್ಲಿ ಒಂದು ಸಣ್ಣ ತೂತು, ಅದರೊಳಗಿಂದ ಹೃದಯದ ತನಕ ಒಂದು ತೆಳ್ಳಗಿನ ನಳಿಗೆ, ಅಷ್ಟೇ. ಸಂಜೆಗೆ ಎದ್ದು ಕೂತು "ಒಂದು ಚಾ ತನ್ನಿ ಮಾರಾಯ್ರೆ" ಅಂದರು.

ಹೀಗೆ ಹೃದಯದವರೆಗೆ ನಳಿಗೆ ಕಳಿಸುವುದು ಸಾವನ್ನು ಕರೆದ ಹಾಗೆ ಅಂತ ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. ಅದನ್ನು ಸುಳ್ಳು ಮಾಡಿದವನು ವರ್ನರ್ ಫೋರ್ಸ್‌ಮನ್. 1929, ಜರ್ಮನಿಯ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆ, ಇನ್ನೂ ಕೆಲಸ ಕಲಿಯುತ್ತಿದ್ದ ಹುಡುಗ ಡಾಕ್ಟ್ರು. ತುರ್ತು ಹೊತ್ತಿನಲ್ಲಿ ಎದೆಗೆ ಸೂಜಿ ಚುಚ್ಚುವ ಬದಲು ರಕ್ತನಾಳದ ಒಳಗಿಂದಲೇ ಹೃದಯಕ್ಕೆ ಮದ್ದು ತಲುಪಿಸಬಹುದಲ್ವಾ ಅನ್ನುವುದು ಅವನ ಯೋಚನೆ. ಕುದುರೆಯ ಕತ್ತಿನ ನಾಳದಿಂದ ಹೃದಯಕ್ಕೆ ನಳಿಗೆ ಇಳಿಸಿದ ಹಳೆಯ ಚಿತ್ರವೊಂದನ್ನು ನೋಡಿದ್ದ. ಕುದುರೆಗೆ ಆಗುವುದು ಮನುಷ್ಯನಿಗೆ ಯಾಕೆ ಆಗಬಾರದು? ಮೇಲಿನ ಡಾಕ್ಟ್ರು ಖಡಾಖಂಡಿತ ಬೇಡ ಅಂದರು.

ಸಾಮಾನಿನ ಕಪಾಟಿನ ಬೀಗದಕೈ ಇದ್ದದ್ದು ನರ್ಸ್ ಗೆರ್ಡಾ ಡಿಟ್ಜೆನ್ ಹತ್ತಿರ. ಇವನು ಅವಳನ್ನು ಒಲಿಸಿಕೊಂಡ. ಅವಳು ಧೈರ್ಯವಂತೆ, ಪ್ರಯೋಗ ನನ್ನ ಮೇಲೇ ಮಾಡಿ ಅಂದಳು. ಸರಿ ಅಂತ ಅವಳ ಕೈಕಾಲು ಟೇಬಲ್ಲಿಗೆ ಕಟ್ಟಿ, ತೋಳಿಗೆ ಅಯೋಡಿನ್ ಹಚ್ಚುವ ನಾಟಕ ಮಾಡುತ್ತಾ ಆ ಕಡೆ ತನ್ನದೇ ಎಡಗೈಯ ಮೊಣಕೈ ಮಡಿಕೆಯಲ್ಲಿ ಕೊಯ್ದು, ಮೂತ್ರನಾಳಕ್ಕೆ ಹಾಕುವ ತೆಳ್ಳಗಿನ ರಬ್ಬರ್ ನಳಿಗೆಯನ್ನು ಒಳಗೆ ತಳ್ಳತೊಡಗಿದ! ಅವಳಿಗೆ ಗೊತ್ತಾಗುವಾಗ ಕೆಲಸ ಅರ್ಧ ಮುಗಿದಿತ್ತು. ಸಿಟ್ಟು ಬಾರದೇ ಇರುತ್ತದಾ? ಆದರೂ ಅವನ ಜೊತೆ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ಹೋದಳು. ಅಲ್ಲಿಗೆ ಓಡಿ ಬಂದ ಗೆಳೆಯ ಪೀಟರ್ ರೋಮೈಸ್ ನಳಿಗೆ ಎಳೆಯಲು ನೋಡಿದಾಗ ಫೋರ್ಸ್‌ಮನ್ ಅವನ ಕಾಲಿಗೆ ಒದ್ದನಂತೆ. ಕನ್ನಡಿಯಲ್ಲಿ ಪರದೆ ನೋಡಿಕೊಂಡು 65 ಸೆಂಟಿಮೀಟರ್ ತನಕ ತಳ್ಳಿದ. ತುದಿ ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿತ್ತು. ಫೋಟೋ ತೆಗೆದರು. (ಇವನು ಹೋದದ್ದು ಹೃದಯಕ್ಕೆ ರಕ್ತ ತರುವ ಅಭಿಧಮನಿಯ ದಾರಿ, ಮಾವನಿಗೆ ಮಾಡಿದ್ದು ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ. ದಾರಿ ಬೇರೆ, ಹುಚ್ಚು ಧೈರ್ಯದ ಮೂಲ ಅದೇ.)

ಲೇಖನ ಅಚ್ಚಾಯಿತು, ಪತ್ರಿಕೆಗಳಲ್ಲಿ ಗದ್ದಲ. ಬರ್ಲಿನ್ನಿನ ದೊಡ್ಡ ಸರ್ಜನ್ ಸೌವರ್‌ಬ್ರುಖ್, ಇಂಥ ಆಟಕ್ಕೆ ಸರ್ಕಸ್ಸೇ ಸರಿ ಅನ್ನುವ ಅರ್ಥದಲ್ಲಿ ಹಂಗಿಸಿ ತಮ್ಮ ಆಸ್ಪತ್ರೆಯಿಂದ ಹೊರಗೆ ಹಾಕಿದರು. ಹೃದಯದ ಕೆಲಸ ಬಿಟ್ಟು ಅವನು ಮೂತ್ರಕೋಶದ ಡಾಕ್ಟ್ರಾದ.

ಇಷ್ಟಕ್ಕೇ ನಿಲ್ಲಿಸಿದರೆ ಚಂದದ ಕಥೆ. ಆದರೆ 1932ರಲ್ಲಿ ಇವನು ನಾಜಿ ಪಕ್ಷ ಸೇರಿದ, ಸುಮ್ನೆ ಮುಚ್ಚಿಡುವ ಸಂಗತಿಯಲ್ಲ ಅದು. ಯುದ್ಧದಲ್ಲಿ ಸೇನೆಯ ಡಾಕ್ಟ್ರಾಗಿದ್ದು ಅಮೆರಿಕದವರ ಕೈಗೆ ಸೆರೆ ಸಿಕ್ಕಿದ, ಆಮೇಲೆ ಕೆಲಕಾಲ ಕಾಡಿನಲ್ಲಿ ಮರ ಕಡಿಯುವ ಕೆಲಸ.

ಅತ್ತ ನ್ಯೂಯಾರ್ಕಿನಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬ ಇಬ್ಬರು ಡಾಕ್ಟ್ರುಗಳು ಅದೇ ದಾರಿಯಲ್ಲಿ ಹೃದಯದ ಒತ್ತಡ ಅಳೆಯುವುದನ್ನು ಪಕ್ಕಾ ಮಾಡಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂತು. ಆಗ ಫೋರ್ಸ್‌ಮನ್ ಬಾಡ್ ಕ್ರೊಯಿಟ್ಸ್‌ನಾಖ್ ಎಂಬ ಊರಲ್ಲಿ ಮೂತ್ರಕೋಶದ ರೋಗಿಗಳನ್ನು ನೋಡಿಕೊಂಡಿದ್ದ.

ನನಗಂತೂ ಅವನಿಗಿಂತ ಗೆರ್ಡಾ ಮೇಲೇ ಅಭಿಮಾನ ಜಾಸ್ತಿ. ಅವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತು. ಅವಳು ಮೋಸ ಹೋದ ಮೇಲೂ ಬಿಟ್ಟು ಹೋಗಲಿಲ್ಲ.