ಪ್ಯಾರಿಸ್‌ನಿಂದ ವಿಯೆನ್ನಾಕ್ಕೆ, ಸರಸ್ವತಿಪುರಂನ ಊಟದ ಮೇಜಿನಿಂದ

ಬರುವ ಮೇ ತಿಂಗಳಿನಲ್ಲಿ ಪ್ಯಾರಿಸ್‌ನಿಂದ ಜ್ಯೂರಿಕ್ ಮಾರ್ಗವಾಗಿ ವಿಯೆನ್ನಾಕ್ಕೆ ರೈಲಿನಲ್ಲೇ ಹೋಗಬೇಕೆಂದು ನಿಶ್ಚಯಿಸಿದ ಮೇಲೆ, ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದೊಡನೆ ನಾನೂ ನನ್ನ ಶ್ರೀಮತಿಯೂ ವೇಳಾಪಟ್ಟಿಗಳನ್ನು ಹರಡಿಕೊಂಡು ಕೂರುವುದು ರೂಢಿಯಾಗಿದೆ.

ಮೊದಲು ಬಿಡಬೇಕಾದದ್ದು ನಮ್ಮ ರೈಲ್ವೆ ಕಲಿಸಿದ ಅಭ್ಯಾಸಗಳನ್ನು. ಇಲ್ಲಿ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಸೀಟು ಸಿಗದಿದ್ದರೆ ವೇಟಿಂಗ್ ಲಿಸ್ಟ್ ಇರುತ್ತದೆ, ರದ್ದು ಮಾಡಿದರೆ ಒಂದಷ್ಟು ಹಣ ಮರಳುತ್ತದೆ. ಅಲ್ಲಿಯ ದೂರದ ರೈಲುಗಳಿಗೆ ಟಿಕೆಟ್ಟು ಹಲವು ತಿಂಗಳು ಮೊದಲೇ ಮಾರಾಟಕ್ಕೆ ಬಂದು, ಅಗ್ಗದ ಸೀಟುಗಳು ಖರ್ಚಾದಂತೆಲ್ಲ ವಿಮಾನದ ದರದಂತೆ ಏರುತ್ತಾ ಹೋಗುತ್ತದೆ. ಆಸ್ಟ್ರಿಯಾ ರೈಲ್ವೆಯ ‘ಸ್ಪಾರ್‌ಶೀನೆ’ ಎಂಬ ರಿಯಾಯಿತಿ ಟಿಕೆಟ್ಟಂತೂ ಆ ದಿನದ ಆ ರೈಲಿಗೇ ಕಟ್ಟುಬಿದ್ದಿರುತ್ತದೆ. ಹೋಗದಿದ್ದರೆ ಹಣ ಹೋದಂತೆಯೇ. ವೀಸಾ ಕೈಸೇರುವ ಮುನ್ನ ಅಂಥ ಟಿಕೆಟ್ಟು ಕೊಳ್ಳಬಾರದೆಂಬುದು ನನ್ನ ಹಟ, ತಡಮಾಡಿದರೆ ದರ ಏರುತ್ತದೆಂಬುದು ಶ್ರೀಮತಿಯ ವಾದ. ಈ ಮೂರೂ ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದೆಂದು ತಿಳಿದ ಮೇಲೆ ಇಬ್ಬರೂ ರಾಜಿಯಾದೆವು.

ಯೂರೇಲ್ ಪಾಸ್ ಕೊಳ್ಳಿರೆಂದು ಹಲವರು ಹೇಳಿದರು. ಯೂರೋಪಿನ ಹೊರಗೆ ನೆಲೆಸಿರುವವರಿಗಾಗಿರುವ ಆ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಆದರೆ ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಹೋಗುವ ಟಿಜಿವಿ ಲಿರಿಯಾ ಎಂಬ ವೇಗದ ರೈಲಿನಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆಯಾಗಿ ಹಣ ಕಟ್ಟಬೇಕು. ಎರಡೇ ಪ್ರಯಾಣವಿರುವ ನಮಗೆ ಅದು ಲೆಕ್ಕಕ್ಕೆ ಬರಲಿಲ್ಲ.

ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಜ್ಯೂರಿಕ್‌ನಲ್ಲಿ ರೈಲು ಬದಲಿಸುವುದರ ಬಗ್ಗೆ. ಲಿರಿಯಾ ಹೊರಡುವುದು ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ. ಅದೇ ಊರಿನ ಗಾರ್ ದು ನಾರ್‌ಗೆ ಹೋಗಿ ನಿಂತರೆ, ಮೆಜೆಸ್ಟಿಕ್‌ನಲ್ಲಿ ಹತ್ತಬೇಕಾದವರು ಯಶವಂತಪುರಕ್ಕೆ ಹೋದಂತಾಗುತ್ತದೆ. ಸುಮಾರು ನಾಲ್ಕು ಗಂಟೆಯ ಆ ಪ್ರಯಾಣದ ಟಿಕೆಟ್ಟನ್ನೂ ಮುಂದಿನದನ್ನೂ ಬೇರೆ ಬೇರೆಯಾಗಿ ಕೊಂಡಿದ್ದು, ಮೊದಲ ರೈಲು ಒಂದು ಗಂಟೆ ತಡವಾದರೆ, ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಆ ಟಿಕೆಟ್ಟಿನ ಕಾಲುಭಾಗ ಹಣ ಸಿಗಬಹುದು. ತಪ್ಪಿಹೋದ ರಿಯಾಯಿತಿ ಟಿಕೆಟ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಆದ್ದರಿಂದ ಜ್ಯೂರಿಕ್‌ನಲ್ಲಿ ಎರಡು ರಾತ್ರಿ ತಂಗಿ, ಬಳಿಕ ವಿಯೆನ್ನಾಕ್ಕೆ ಹಗಲಿನ ರೈಲ್‌ಜೆಟ್ ಹಿಡಿಯುವುದೆಂದು ತೀರ್ಮಾನಿಸಿದೆವು. ರಾತ್ರಿಯ ನೈಟ್‌ಜೆಟ್‌ನಲ್ಲಿ ಮಲಗಿ ಹೋದರೆ ಒಂದು ದಿನದ ಹೋಟೆಲ್ ಖರ್ಚು ಉಳಿಯುತ್ತಿತ್ತು. ಆದರೆ 1884ರಲ್ಲಿ ತೆರೆದ ಆರ್ಲ್‌ಬರ್ಗ್ ಸುರಂಗದ ಎರಡೂ ಕಡೆಯ ಪರ್ವತಗಳನ್ನು ನಿದ್ದೆಯಲ್ಲಿ ದಾಟುವುದಕ್ಕೆ ಶ್ರೀಮತಿ ಸುತರಾಂ ಒಪ್ಪಲಿಲ್ಲ.

ವೀಸಾ ಅರ್ಜಿ ಸಲ್ಲಿಸಲು ಬೆಂಗಳೂರಿಗೆ ಹೋಗಬೇಕಾದ್ದರಿಂದ ಸದ್ಯಕ್ಕೆ ನಾವು ಕಾದಿರಿಸಿರುವುದು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನ ಎರಡು ಸೀಟುಗಳನ್ನು ಮಾತ್ರ.