ಓಡಬಲ್ಲವನನ್ನೇ ಗೋಲಿಗೆ ನಿಲ್ಲಿಸಿದ್ದರು

ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ ನಾವು ಹುಡುಗರು ಸಂಜೆ ಫುಟ್‌ಬಾಲ್ ಆಡುತ್ತಿದ್ದಾಗ ಗೋಲಿಗೆ ಯಾರು ನಿಲ್ಲಬೇಕೆಂಬ ಚರ್ಚೆಯೇ ಇರುತ್ತಿರಲಿಲ್ಲ. ಓಡಲಾರದವನು, ದಪ್ಪಗಿರುವವನು, ಇಲ್ಲವೇ ಯಾರದೋ ಬೆನ್ನುಹತ್ತಿ ಬಂದ ತಮ್ಮ ಅಲ್ಲಿ ನಿಲ್ಲುತ್ತಿದ್ದ. ಮೊದಲ ಎರಡೂ ಅರ್ಹತೆಗಳಿದ್ದ ನನಗೆ ಎರಡು ಜೊತೆ ಚಪ್ಪಲಿಗಳ ನಡುವಿನ ಜಾಗ ಕಾಯಂ ಆಗಿತ್ತು. ಆದ್ದರಿಂದ, 1886ರಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ನೂರು ಗಜ ದೂರವನ್ನು 10 ಸೆಕೆಂಡುಗಳಲ್ಲಿ ಓಡಿ ಇಂಗ್ಲೆಂಡಿನ ಚಾಂಪಿಯನ್ ಆದ ಆರ್ಥರ್ ವಾರ್ಟನ್, ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಆಗಿದ್ದನೆಂದು ಓದಿದಾಗ ನನಗೆ ಅದು ಅಚ್ಚಿನ ತಪ್ಪಿನಂತೆ ಕಂಡಿತು.

ವಾರ್ಟನ್ ಹುಟ್ಟಿದ್ದು 1865ರಲ್ಲಿ, ಇಂದಿನ ಘಾನಾದ ಅಕ್ರಾದಲ್ಲಿ. ತಂದೆ ಗ್ರೆನಡಾ ಮೂಲದ ಮೆಥಡಿಸ್ಟ್ ಪಾದ್ರಿ, ತಾಯಿ ಅಲ್ಲಿನ ಫಾಂಟೆ ಜನಾಂಗದ ರಾಜಮನೆತನದವಳು. ಮಗನೂ ಧರ್ಮಪ್ರಚಾರಕನಾಗಲೆಂದು ಇಂಗ್ಲೆಂಡಿಗೆ ಕಳುಹಿಸಿದರೆ, ಡಾರ್ಲಿಂಗ್ಟನ್‌ನಲ್ಲಿ ಓದುತ್ತಿದ್ದ ಹುಡುಗ ಮೈದಾನ ಹಿಡಿದ. ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಗೋಲು ಕಾದು ಇಂಗ್ಲೆಂಡಿನ ಕ್ಲಬ್ಬುಗಳ ನಾಕ್‌ಔಟ್ ಪಂದ್ಯಾವಳಿಯಾದ ಎಫ್.ಎ. ಕಪ್‌ನಲ್ಲಿ 1887ರ ಸೆಮಿಫೈನಲ್‌ವರೆಗೆ ಹೋದ. 1889ರಲ್ಲಿ ರಾದರ್‌ಹ್ಯಾಮ್ ಟೌನ್ ತಂಡಕ್ಕೆ ಸಂಬಳದ ಆಟಗಾರನಾಗಿ ಸೇರಿದ. ಆಟಕ್ಕೆ ಹಣ ಪಡೆಯುವುದು ಇಂಗ್ಲೆಂಡಿನಲ್ಲಿ ನಿಯಮಬದ್ಧವಾಗಿ ಆಗಿನ್ನೂ ನಾಲ್ಕೇ ವರ್ಷವಾಗಿತ್ತು. ಫುಟ್‌ಬಾಲಿನ ಮೊದಲ ಕಪ್ಪು ವೃತ್ತಿಪರ ಆಟಗಾರನೆಂದು ಸಾಮಾನ್ಯವಾಗಿ ಅವನನ್ನೇ ಹೇಳುತ್ತಾರೆ.

ಓಟಗಾರನಿಗೆ ಗೋಲಿನಲ್ಲಿ ಏನು ಕೆಲಸ ಎಂಬುದಕ್ಕೆ ಆ ಕಾಲದ ನಿಯಮಗಳಲ್ಲೇ ಉತ್ತರವಿದೆ. ಗೋಲ್‌ಕೀಪರ್ ಚೆಂಡನ್ನು ಕೈಯಿಂದ ಮುಟ್ಟುವುದನ್ನು ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಆವರಣಕ್ಕೆ ಸೀಮಿತಗೊಳಿಸಿದ್ದು 1912ರಲ್ಲಿ. ಅದಕ್ಕೆ ಮುಂಚೆ ಮೈದಾನದ ತನ್ನ ಅರ್ಧದಲ್ಲಿ ಎಲ್ಲಿ ಬೇಕಾದರೂ ಕೈ ಬಳಸಬಹುದಿತ್ತು. ಇತ್ತ ಎದುರಾಳಿಗಳು ಭುಜ ಕೊಟ್ಟು ಗುದ್ದಿ, ಅವನನ್ನು ಚೆಂಡಿನ ಸಮೇತ ಗೋಲಿನೊಳಕ್ಕೆ ತಳ್ಳುವುದೂ ಆಟದ ಭಾಗವೇ ಆಗಿತ್ತು. ಹಾಗಾಗಿ ಮುನ್ನುಗ್ಗಿ, ಅವರು ಬರುವ ಮೊದಲೇ ಚೆಂಡಿಗೆ ಮುಷ್ಟಿಯಿಂದ ಹೊಡೆದು ದೂರ ಕಳಿಸಬಲ್ಲವನಿಗೇ ಬೆಲೆ. ವಾರ್ಟನ್ ಕಂಬದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕಾಯುತ್ತಿದ್ದು, ಕೊನೆಯ ಕ್ಷಣದಲ್ಲಿ ಚಂಗನೆ ನೆಗೆಯುತ್ತಿದ್ದನಂತೆ. ಒಂದು ಪಂದ್ಯದಲ್ಲಿ ಅವನು ಹಾರಿ ಅಡ್ಡಪಟ್ಟಿಗೆ ಜೋತುಬಿದ್ದು, ಚೆಂಡನ್ನು ಕಾಲುಗಳ ನಡುವೆ ಹಿಡಿದಾಗ, ನುಗ್ಗಿ ಬಂದ ಮೂವರು ಬಲೆಯೊಳಗೆ ಬಿದ್ದರೆಂದು ಪ್ರೇಕ್ಷಕರೊಬ್ಬರು 1942ರಲ್ಲಿ ಶೆಫೀಲ್ಡ್‌ನ ಪತ್ರಿಕೆಗೆ ನೆನಪಿನಿಂದ ಬರೆದಿದ್ದಾರೆ. ನೆನಪು ಸ್ವಲ್ಪ ಬೆಳೆದಿರಲೂಬಹುದು.

ಅವನ ಲೆಕ್ಕಾಚಾರ ಮಾತ್ರ ಕೈಕೊಟ್ಟಿತು. ಹಣದ ಓಟಗಳಿಗೆಂದು 1888ರಲ್ಲಿ ಅವನು ಪ್ರೆಸ್ಟನ್ ಬಿಟ್ಟ. ಮರು ಋತುವಿನಲ್ಲೇ ಆ ತಂಡ ಮೊತ್ತಮೊದಲ ಲೀಗನ್ನು ಒಂದೂ ಪಂದ್ಯ ಸೋಲದೆ ಗೆದ್ದು, ಎಫ್.ಎ. ಕಪ್ಪನ್ನೂ ಎತ್ತಿತು. 1894ರಲ್ಲಿ ಶೆಫೀಲ್ಡ್ ಯುನೈಟೆಡ್ ಸೇರಿದಾಗ ಅವನಿಗಿಂತ ಮೊದಲ ಆಯ್ಕೆಯಾಗಿದ್ದವನು ಬಿಲ್ ಫೌಲ್ಕ್, ಮುಂದೆ ನೂರು ಕಿಲೋ ಮೀರಿ ತೂಗಿದ ಭಾರೀ ಆಳು. ನಮ್ಮ ಮೈದಾನದ ನಿಯಮ ಅಲ್ಲಿಯೂ ಗೆದ್ದಿತಲ್ಲ ಎಂದು ನನಗೆ ನಗು ಬಂತು. ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳು, ಕೊನೆಗೆ ಸ್ಟಾಕ್‌ಪೋರ್ಟ್. 1902ಕ್ಕೆ ಆಟ ಮುಗಿಯಿತು. ಎಡ್ಲಿಂಗ್ಟನ್‌ನ ಕಲ್ಲಿದ್ದಲು ಗಣಿಯಲ್ಲಿ ಕೂಲಿಯಾಗಿದ್ದ ವಾರ್ಟನ್ 1930ರಲ್ಲಿ ತೀರಿಕೊಂಡ. ಅವನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1997ರಲ್ಲಿ.

ನನ್ನ ಸೋದರಮಾವ ಇಲ್ಲಿನ ಕಾರ್ಖಾನೆಯೊಂದರ ತಂಡಕ್ಕೆ ಗೋಲು ಕಾದವರು; ಅವರ ಬಲಗೈ ಕಿರುಬೆರಳು ಇಂದಿಗೂ ನೆಟ್ಟಗಾಗದೆ ಕಾಫಿ ಲೋಟದಿಂದ ಹೊರಗೆ ಚಾಚಿಕೊಂಡಿರುತ್ತದೆ. ಆಟದಿಂದಲೇ ಅವರಿಗೆ ಕೆಲಸ ಸಿಕ್ಕಿತು, ಕೆಲಸದಿಂದ ಪಿಂಚಣಿ. ವಾರ್ಟನ್‌ನ ಕಥೆ ಹೇಳಿದಾಗ, ಅಡ್ಡಪಟ್ಟಿಗೆ ಜೋತುಬಿದ್ದದ್ದನ್ನು ಅವರು "ಸುಳ್ಳು ಕಣೋ" ಎಂದು ತಳ್ಳಿಹಾಕಿದರು. ಗಣಿಯ ವಿಷಯವನ್ನು ಮಾತ್ರ ಎರಡು ಸಲ ಕೇಳಿದರು.